ನಾಯಿಗೆ ನಾವು ಅರ್ಥವಾಗುತ್ತೇವೆ, ನಮಗೆ ನಾಯಿ?

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಒಂದು ಕಲ್ಲಿದೆ. ಅದರ ಮೇಲ್ಭಾಗದಲ್ಲಿ ನಾಯಿಯೊಂದು ಹಂದಿಯೊಡನೆ ಸೆಣಸುತ್ತಿರುವ ಕೆತ್ತನೆ, ಜತೆಗೆ ಹಳಗನ್ನಡದ ಬರಹ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಶಾಸನದ ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಗಂಗರ ಬೂತುಗನ ನೆರವಿನಿಂದ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಸಂಗತಿ ಅದರಲ್ಲಿ ಬರುತ್ತದೆ. ಆದರೆ ಕಲ್ಲು ನಿಂತಿರುವುದು ಆ ಗೆಲುವಿಗಾಗಿ ಅಲ್ಲ, ಒಂದು ನಾಯಿಗಾಗಿ.

ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯ, ಬೇಕಾದ್ದನ್ನು ಕೇಳಿಕೋ ಎಂದನಂತೆ. ಮಣಲೆರ ಊರನ್ನಾಗಲೀ ಹೊನ್ನನ್ನಾಗಲೀ ಕೇಳಲಿಲ್ಲ. ಒಡೆಯನ ಬಳಿ ಇದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಬೆಳತೂರಿನ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ, ಎರಡೂ ಹೋರಾಡಿ ಸತ್ತವು. ಕಾಳಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿಯನ್ನೂ ದತ್ತಿ ಬಿಡಲಾಯಿತು. ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪ ತಟ್ಟುತ್ತದೆ ಎಂಬ ಕಟ್ಟಳೆಯೂ ಅದರಲ್ಲಿದೆ.

ಒಂದು ಸಾವಿರ ವರ್ಷ ದಾಟಿದರೂ ನಾಯಿ ಸಾಕಿದವರ ಮನಸ್ಸು ಬಹಳ ಬದಲಾದಂತಿಲ್ಲ. ‘ಇದಕ್ಕೆ ಎಲ್ಲಾ ಗೊತ್ತಾಗುತ್ತೆ ಕಣ್ರೀ, ಮಾತೊಂದು ಬರೋಲ್ಲ, ಅಷ್ಟೇ’ ಎನ್ನುವ ಮಾತು ನಾಯಿ ಇರುವ ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. ಬೀದಿಯ ತಿರುವಿನಲ್ಲಿ ಸ್ಕೂಟರಿನ ಸದ್ದಾದೊಡನೆ ಗೇಟಿನ ಬಳಿ ಓಡುವ ನಾಯಿ, ಸೂಟ್‌ಕೇಸ್ ಕೆಳಗಿಳಿಸಿದ ಕೂಡಲೇ ಊಟ ಬಿಟ್ಟು ಮೂಲೆ ಸೇರುವ ನಾಯಿ, ಮನೆಯಲ್ಲಿ ಯಾರಾದರೂ ಅತ್ತರೆ ಬಂದು ಮಡಿಲಿಗೆ ಮೂತಿ ಇಡುವ ನಾಯಿ ನಮಗೆಲ್ಲ ಗೊತ್ತು. ಈ ಮಾತಿನಲ್ಲಿ ಪ್ರೀತಿ ಎಷ್ಟು, ಸತ್ಯ ಎಷ್ಟು?

ವಿಜ್ಞಾನಿಗಳು ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡು ಕಾಲು ಶತಮಾನಕ್ಕಿಂತ ತುಸು ಹೆಚ್ಚಾಗಿದೆ, ಅಷ್ಟೇ. ಅವರು ಕಂಡುಕೊಂಡದ್ದರಲ್ಲಿ ನಾಯಿ ಸಾಕಿದವರು ಹಿಗ್ಗುವಂಥದ್ದು ಬಹಳವಿದೆ. ಅವರಿಗೆ ನಾಚಿಕೆ ತರುವಂಥ ಒಂದೆರಡು ಸಂಗತಿಗಳೂ ಇವೆ.

ಲೆಕ್ಕ ಮಾಡಿದ ಕುದುರೆ

ಮನುಷ್ಯನ ಕಾಲ ಬುಡದಲ್ಲೇ ಇರುವ ಪ್ರಾಣಿಯನ್ನು ವಿಜ್ಞಾನ ಇಷ್ಟು ಕಾಲ ಏಕೆ ಕಡೆಗಣಿಸಿತು? ಇದಕ್ಕೆ ಒಂದು ಕುದುರೆಯೂ ಕಾರಣ. 1904ರ ಸುಮಾರಿಗೆ ಜರ್ಮನಿಯ ಬರ್ಲಿನ್‌ನಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬಾತನ ಬಳಿ ಹಾನ್ಸ್ ಎಂಬ ಕುದುರೆಯಿತ್ತು. ಕೂಡುವ, ಕಳೆಯುವ ಲೆಕ್ಕ ಕೊಟ್ಟರೆ ಅದು ಕಾಲಿನಿಂದ ನೆಲವನ್ನು ಅಷ್ಟು ಸಲ ತಟ್ಟಿ ಉತ್ತರ ಹೇಳುತ್ತಿತ್ತು. ಊರಿಗೆ ಊರೇ ಬೆರಗಾಯಿತು.

ಆಸ್ಕರ್ ಫಂಗ್‌ಸ್ಟ್ ಎಂಬ ಮನಃಶಾಸ್ತ್ರಜ್ಞ ಪರೀಕ್ಷಿಸಿ ನೋಡಿದಾಗ ಗುಟ್ಟು ಬಯಲಾಯಿತು. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಅಥವಾ ಅವನು ಕುದುರೆಯ ಕಣ್ಣಿಗೆ ಬೀಳದಿದ್ದರೆ, ಹಾನ್ಸ್‌ನ ಲೆಕ್ಕ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವನ ತಲೆ ಅವನಿಗೇ ತಿಳಿಯದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ಕಂಡು ತಟ್ಟುವುದನ್ನು ನಿಲ್ಲಿಸುತ್ತಿತ್ತು. ಈ ಪ್ರಕರಣದ ನಂತರ ‘ಪ್ರಾಣಿಗೆ ಅರ್ಥವಾಗುತ್ತದೆ’ ಎಂದು ಬರೆಯಲು ವಿಜ್ಞಾನಿಗಳು ಹಿಂಜರಿದರು. ಗಂಟೆಯ ಸದ್ದಿಗೂ ಊಟಕ್ಕೂ ನಂಟು ಕಲ್ಪಿಸಿಕೊಂಡು ಜೊಲ್ಲು ಸುರಿಸುವ, ರಷ್ಯಾದ ಪಾವ್ಲೊವ್‌ನ ಪ್ರಯೋಗಶಾಲೆಯ ನಾಯಿಯೇ ಪಠ್ಯಪುಸ್ತಕದ ನಾಯಿಯಾಗಿ ಉಳಿಯಿತು.

ಆದರೆ ಹಾನ್ಸ್‌ನ ಕಥೆಯನ್ನು ಮಗುಚಿ ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಕುದುರೆಗೆ ಲೆಕ್ಕ ಬರುತ್ತಿರಲಿಲ್ಲ, ನಿಜ. ಆದರೆ ಮನುಷ್ಯ ತನಗೇ ಗೊತ್ತಿಲ್ಲದೆ ಬಿಟ್ಟುಕೊಟ್ಟ ಸನ್ನೆಯನ್ನು ಅದು ಓದುತ್ತಿತ್ತು. ನಾಯಿ ಈ ವಿದ್ಯೆಯಲ್ಲಿ ಕುದುರೆಯನ್ನೂ ಮೀರಿಸಿದೆ ಎಂಬುದು ನಂತರ ಗೊತ್ತಾಯಿತು.

ಬೆರಳು ತೋರಿದ ದಿಕ್ಕು

ಅಮೆರಿಕದ ಬ್ರಯಾನ್ ಹೇರ್ 1990ರ ದಶಕದಲ್ಲಿ ಮೈಕೆಲ್ ಟೊಮಾಸೆಲ್ಲೊ ಅವರ ವಿದ್ಯಾರ್ಥಿಯಾಗಿದ್ದ. ಬೆರಳು ತೋರಿಸಿದರೆ ಆ ದಿಕ್ಕಿಗೆ ನೋಡಬೇಕು ಎಂಬುದು ಮನುಷ್ಯರ ಮಗುವಿಗೆ ಮಾತು ಬರುವ ಮೊದಲೇ ತಿಳಿಯುತ್ತದೆ, ನಮ್ಮ ಹತ್ತಿರದ ಬಂಧು ಚಿಂಪಾಂಜಿಗೂ ಅದು ಸುಲಭವಾಗಿ ತಿಳಿಯುವುದಿಲ್ಲ ಎಂದು ಗುರು ವಿವರಿಸುತ್ತಿದ್ದಾಗ, ‘ನನ್ನ ನಾಯಿಗೆ ತಿಳಿಯುತ್ತದಲ್ಲ’ ಎಂದನಂತೆ ಶಿಷ್ಯ. ತನ್ನ ತಂದೆತಾಯಿಯ ಮನೆಯ ಗ್ಯಾರೇಜಿನಲ್ಲಿ ಓರಿಯೊ ಎಂಬ ನಾಯಿಯೊಡನೆ ಪ್ರಯೋಗ ಶುರುಮಾಡಿದ.

ಪ್ರಯೋಗ ಸರಳ. ಎರಡು ಬಟ್ಟಲುಗಳನ್ನು ಬೋರಲು ಹಾಕಿ, ಒಂದರ ಕೆಳಗೆ ತಿಂಡಿ ಇಡುವುದು. ಯಾವುದರ ಕೆಳಗಿದೆ ಎಂದು ನಾಯಿಗೆ ಗೊತ್ತಿರಬಾರದು. ನಂತರ ಸರಿಯಾದ ಬಟ್ಟಲಿನ ಕಡೆ ಬೆರಳು ತೋರಿಸುವುದು. ಮೂಗಿನಿಂದ ವಾಸನೆ ಹಿಡಿದು ಹೋಗಿರಬಹುದೆಂಬ ಅನುಮಾನಕ್ಕೆ ಎಡೆಯಿಲ್ಲದಂತೆ, ಬೆರಳು ತೋರಿಸದೆಯೂ ಪರೀಕ್ಷಿಸುವುದು. ಬೆರಳು ತೋರಿಸಿದಾಗ ನಾಯಿಗಳು ಸರಿಯಾದ ಬಟ್ಟಲಿನತ್ತ ನಡೆದವು. ತೋರಿಸದಿದ್ದಾಗ ಅವುಗಳದ್ದು ಬರೀ ಅಂದಾಜಾಯಿತು. ಹೇರ್ ಮತ್ತು ಟೊಮಾಸೆಲ್ಲೊ, ಹಾಗೆಯೇ ಬೇರೆಯಾಗಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಆಡಾಮ್ ಮಿಕ್ಲೋಶಿ ಅವರ ತಂಡ 1998ರಲ್ಲಿ ಇಂಥ ಫಲಿತಾಂಶಗಳನ್ನೇ ಪ್ರಕಟಿಸಿದವು.

ಇದು ಮನೆಯಲ್ಲಿ ಕಲಿತದ್ದೋ, ಹುಟ್ಟಿನಿಂದ ಬಂದದ್ದೋ? 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 44 ನಾಯಿಮರಿಗಳನ್ನೂ 37 ತೋಳದ ಮರಿಗಳನ್ನೂ ಹೋಲಿಸಲಾಯಿತು. ತೋಳದ ಮರಿಗಳನ್ನು ಹುಟ್ಟಿದ ಕೆಲವೇ ದಿನಗಳಿಂದ ಮನುಷ್ಯರು ಕೈಯಲ್ಲೇ ಉಣಿಸಿ, ಮಗ್ಗುಲಲ್ಲೇ ಮಲಗಿಸಿಕೊಂಡು ಬೆಳೆಸಿದ್ದರು. ನಾಯಿಮರಿಗಳಿಗೆ ಅಷ್ಟು ಒಡನಾಟ ಸಿಕ್ಕಿರಲಿಲ್ಲ. ಆದರೂ ಸನ್ನೆ ಹಿಡಿಯುವುದರಲ್ಲಿ ನಾಯಿಮರಿಗಳೇ ಮುಂದಿದ್ದವು. ಸಾವಿರಾರು ವರ್ಷ ಮನುಷ್ಯನ ಒಲೆಯ ಬಳಿ ಬದುಕಿದ್ದರ ಫಲ ನಾಯಿಯ ರಕ್ತಕ್ಕೇ ಇಳಿದಿದೆ ಎಂಬುದು ಹೇರ್ ಅವರಂಥವರ ವಾದ. ಆ ಒಡನಾಟ ಎಷ್ಟು ಹಳೆಯದು ಎಂಬುದಕ್ಕೆ ಜರ್ಮನಿಯ ಬಾನ್ ಬಳಿ 1914ರಲ್ಲಿ ಸಿಕ್ಕ ಸಮಾಧಿಯೊಂದು ಸಾಕ್ಷಿ. ಸುಮಾರು 14,000 ವರ್ಷಗಳ ಹಿಂದಿನ ಆ ಗುಂಡಿಯಲ್ಲಿ ಗಂಡು, ಹೆಣ್ಣಿನ ಜತೆ ಎಳೆಯ ನಾಯಿಯೊಂದರ ಮೂಳೆಗಳೂ ಇದ್ದವು. ಕಾಶ್ಮೀರದ ಬುರ್ಜಹೋಮ್‌ನ ನವಶಿಲಾಯುಗದ ನೆಲೆಯಲ್ಲಿಯೂ ಮನುಷ್ಯರೊಡನೆ ನಾಯಿಯನ್ನು ಹೂಳಿದ ಕುರುಹುಗಳು ಸಿಕ್ಕಿವೆ.

ಇವೆಲ್ಲ ಸಾಕಿದ ನಾಯಿಗಳ ಮಾತಾಯಿತು. ನಮ್ಮ ಬೀದಿನಾಯಿಗಳು? ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ ಬಹಳ ವರ್ಷಗಳಿಂದ ಇವುಗಳನ್ನೇ ಅಧ್ಯಯನ ಮಾಡುತ್ತಿದೆ. ಒಂಟಿಯಾಗಿ ಸಿಕ್ಕ 160 ಬೀದಿನಾಯಿಗಳ ಮುಂದೆ ಮುಚ್ಚಿದ ಎರಡು ಬಟ್ಟಲಿಟ್ಟು ಬೆರಳು ತೋರಿಸಿ, 2020ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಬರಲಿಲ್ಲ. ಅವುಗಳಲ್ಲಿ ಅಂಜಿಕೆ ಎದ್ದು ಕಾಣುತ್ತಿತ್ತು. ಬಂದವುಗಳ ಪೈಕಿ ಶೇ 80ರಷ್ಟು ನಾಯಿಗಳು ಬೆರಳು ತೋರಿದ ಕಡೆಗೇ ಹೋದವು. ಯಾರೂ ಕಲಿಸದಿದ್ದರೂ ಅವಕ್ಕೆ ನಮ್ಮ ಕೈಸನ್ನೆ ತಿಳಿಯುತ್ತದೆ. ಹತ್ತಿರ ಬಾರದವುಗಳಿಗೂ ಮನುಷ್ಯನ ಕೈ ಗೊತ್ತೇ ಇರಬೇಕು. ಆ ಕೈ ಕಲ್ಲೆತ್ತಿಕೊಂಡದ್ದನ್ನು ಅವು ನೋಡಿರುತ್ತವೆ.

ಮಾತು ಎಷ್ಟು, ದನಿ ಎಷ್ಟು

ಇನ್ನು ಮಾತಿನ ವಿಷಯ. 2004ರಲ್ಲಿ ಜರ್ಮನಿಯ ರಿಕೊ ಎಂಬ ಬಾರ್ಡರ್ ಕೋಲಿ ತಳಿಯ ನಾಯಿ ಸುಮಾರು 200 ಆಟಿಕೆಗಳನ್ನು ಹೆಸರಿನಿಂದ ಗುರುತಿಸುತ್ತದೆ ಎಂದು ಜೂಲಿಯಾನೆ ಕಾಮಿನ್ಸ್ಕಿ ಮತ್ತು ಸಂಗಡಿಗರು ವರದಿ ಮಾಡಿದರು. ಗೊತ್ತಿರುವ ವಸ್ತುಗಳ ನಡುವೆ ಹೊಸದೊಂದನ್ನಿಟ್ಟು, ಹಿಂದೆಂದೂ ಕೇಳದ ಹೆಸರು ಹೇಳಿದರೆ, ‘ಉಳಿದವುಗಳ ಹೆಸರು ನನಗೆ ಗೊತ್ತು, ಹಾಗಾದರೆ ಇದು ಆ ಹೊಸದೇ ಇರಬೇಕು’ ಎಂಬಂತೆ ರಿಕೊ ಹೊಸ ವಸ್ತುವನ್ನೇ ಕಚ್ಚಿ ತರುತ್ತಿತ್ತು. ಅಮೆರಿಕದ ನಿವೃತ್ತ ಪ್ರಾಧ್ಯಾಪಕ ಜಾನ್ ಪಿಲ್ಲಿ ಅದೇ ತಳಿಯ ಚೇಸರ್ ಎಂಬ ಹೆಣ್ಣುನಾಯಿಗೆ ಮೂರು ವರ್ಷ ಪ್ರತಿದಿನ ಗಂಟೆಗಟ್ಟಲೆ ಪಾಠ ಹೇಳಿ 1,022 ವಸ್ತುಗಳ ಹೆಸರು ಕಲಿಸಿದರು.

ಎಲ್ಲ ನಾಯಿಗಳೂ ಹೀಗಿರುವುದಿಲ್ಲ. ರಿಕೊ, ಚೇಸರ್ ಅಪರೂಪದವು. ಸಾಮಾನ್ಯ ನಾಯಿಗೆ ನಮ್ಮ ಮಾತು ಎಷ್ಟು ತಲುಪುತ್ತದೆ ಎಂದು ತಿಳಿಯಲು ಬುಡಾಪೆಸ್ಟ್‌ನ ಅಟ್ಟಿಲಾ ಆಂಡಿಕ್ಸ್ ಅವರ ತಂಡ ಬೇರೆ ದಾರಿ ಹಿಡಿಯಿತು. 13 ನಾಯಿಗಳಿಗೆ ಎಂ.ಆರ್.ಐ. ಯಂತ್ರದೊಳಗೆ ಅಲುಗದೆ ಮಲಗುವುದನ್ನು ಕಲಿಸಿ, ತಲೆಗೆ ಇಯರ್‌ಫೋನ್ ಹಾಕಿ, ಮಿದುಳಿನ ಚಟುವಟಿಕೆಯನ್ನು ನೋಡಿತು. ಹೊಗಳಿಕೆಯ ಮಾತನ್ನು ಹೊಗಳುವ ದನಿಯಲ್ಲಿ, ಅದೇ ಮಾತನ್ನು ಸಪ್ಪೆ ದನಿಯಲ್ಲಿ, ಅರ್ಥವಿಲ್ಲದ ಮಾತನ್ನು ಹೊಗಳುವ ದನಿಯಲ್ಲಿ ಕೇಳಿಸಲಾಯಿತು. ಮಾತೂ ದನಿಯೂ ಎರಡೂ ಹೊಗಳಿಕೆಯದ್ದಾಗಿದ್ದಾಗ ಮಾತ್ರ ಸಂತೋಷಕ್ಕೆ ಸಂಬಂಧಿಸಿದ ಮಿದುಳಿನ ಭಾಗ ಚುರುಕಾಯಿತು ಎಂದು 2016ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ‘ಜಾಣ ಮರಿ’ ಎಂದು ಪೇಪರು ಓದುತ್ತಾ ಗೊಣಗಿದರೆ ನಾಯಿಗೆ ಅದು ಹೊಗಳಿಕೆಯಾಗಿ ಮುಟ್ಟುವುದಿಲ್ಲ. ಬೈಗುಳವನ್ನು ಮುದ್ದಿನ ದನಿಯಲ್ಲಿ ಹೇಳಿ ನಗುವವರ ತಮಾಷೆಗೂ ನಾಯಿ ಪೂರ್ತಿ ಬೀಳುವುದಿಲ್ಲ.

ಅದೇ ಬುಡಾಪೆಸ್ಟ್‌ಗೆ ಮೆಕ್ಸಿಕೋದಿಂದ ಬಂದ ಲಾರಾ ಕ್ವಾಯಾ ಎಂಬ ಸಂಶೋಧಕಿ ತನ್ನ ನಾಯಿ ಕುನ್‌ಕುನ್‌ನನ್ನೂ ಕರೆತಂದಿದ್ದರು. ಅಲ್ಲಿಯವರೆಗೆ ಸ್ಪ್ಯಾನಿಷ್ ಮಾತ್ರ ಕೇಳಿದ್ದ ನಾಯಿಗೆ ಸುತ್ತಲಿನ ಭಾಷೆ ಬದಲಾದದ್ದು ತಿಳಿಯುತ್ತದೆಯೇ ಎಂಬ ಕುತೂಹಲ ಆಕೆಗೆ. 18 ನಾಯಿಗಳಿಗೆ ಒಂದೇ ಕಥೆಯನ್ನು ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಭಾಷೆಗಳಲ್ಲಿ ಓದಿ ಕೇಳಿಸಿದಾಗ, ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ಅವುಗಳ ಮಿದುಳು ಬೇರೆಬೇರೆಯಾಗಿ ಸ್ಪಂದಿಸಿತು. ವಯಸ್ಸಾದ ನಾಯಿಗಳಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿತ್ತು. 2022ರಲ್ಲಿ ಪ್ರಕಟವಾದ ಸಂಗತಿಯಿದು. ನಮ್ಮಲ್ಲಿ ಮನೆಮಂದಿ ತಮ್ಮತಮ್ಮಲ್ಲಿ ಕನ್ನಡ, ತುಳು, ಉರ್ದು ಆಡಿಕೊಂಡರೂ ನಾಯಿಯೊಡನೆ ಮಾತ್ರ ‘ಕಮ್’, ‘ಸಿಟ್’, ‘ಗೋ’ ಎಂದು ಇಂಗ್ಲಿಷ್ ಆಡುವುದುಂಟು. ನಾಯಿಗೆ ಇಂಗ್ಲಿಷಿನ ವ್ಯಾಮೋಹವೇನೂ ಇಲ್ಲ. ‘ಬಾ’ ಎಂದರೂ ಬರುತ್ತದೆ. ಅಪ್ಪ ‘ಕೂರು’, ಮಗ ‘ಸಿಟ್’, ಅಜ್ಜಿ ‘ಕೂತ್ಕೊಳೋ ಮುಂಡೇದೆ’ ಎಂದು ಮೂರು ಬಗೆಯಲ್ಲಿ ಹೇಳಿದರೆ ಮಾತ್ರ ಅದು ಕಕ್ಕಾಬಿಕ್ಕಿಯಾಗುತ್ತದೆ.

ಮಾತು, ಸನ್ನೆಗಳ ಜತೆಗೆ ಮೂಗೂ ಇದೆ. ನಾಯಿಯ ಘ್ರಾಣಶಕ್ತಿ ನಮ್ಮದಕ್ಕಿಂತ ಸಾವಿರಾರು ಪಟ್ಟು ಸೂಕ್ಷ್ಮ. ಬ್ರಿಟನ್ನಿನ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಜನರಿಗೆ ಕಷ್ಟದ ಲೆಕ್ಕವೊಂದನ್ನು ಕೊಟ್ಟು, ಅದಕ್ಕೆ ಮುಂಚಿನ ಮತ್ತು ನಂತರದ ಬೆವರು, ಉಸಿರುಗಳ ಮಾದರಿ ಪಡೆದರು. ಅವುಗಳಲ್ಲಿ ಆತಂಕದ ಮಾದರಿ ಯಾವುದೆಂದು ತರಬೇತಿ ಪಡೆದ ನಾಲ್ಕು ನಾಯಿಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಸರಿಯಾಗಿ ಪತ್ತೆಹಚ್ಚಿದವು. ಇದು ಕೂಡ 2022ರ ಅಧ್ಯಯನ. ಮುಖದ ಮೇಲೆ ನಗು ತಂದುಕೊಂಡು ಮನೆಗೆ ಬಂದವರ ಕಳವಳ ಮೊದಲು ನಾಯಿಗೆ ತಿಳಿಯುವುದರಲ್ಲಿ ಪವಾಡವೇನೂ ಇಲ್ಲ.

ಬಾಲ ಹೇಳುವ ಮಾತು

ಹೀಗೆ ನಾಯಿ ನಮ್ಮನ್ನು ಕೈ, ಕಣ್ಣು, ದನಿ, ವಾಸನೆಗಳಿಂದ ಓದುತ್ತಿರುವಾಗ, ಅದು ಹೇಳುವುದನ್ನು ನಾವು ಎಷ್ಟು ಓದುತ್ತೇವೆ?

ಬೊಗಳುವಿಕೆಯ ಮಟ್ಟಿಗೆ ನಾವು ಅಷ್ಟೇನೂ ದಡ್ಡರಲ್ಲ. ಅಪರಿಚಿತರನ್ನು ಕಂಡಾಗ, ಒಂಟಿಯಾಗಿ ಕಟ್ಟಿಹಾಕಿದಾಗ, ಆಟವಾಡುವಾಗ ನಾಯಿ ಬೊಗಳಿದ್ದನ್ನು ಧ್ವನಿಮುದ್ರಿಸಿ ಕೇಳಿಸಿದರೆ, ನಾಯಿ ಸಾಕದವರೂ ಸಂದರ್ಭವನ್ನು ಬರೀ ಅಂದಾಜಿಗಿಂತ ಚೆನ್ನಾಗಿ ಹೇಳಬಲ್ಲರು ಎಂದು ಹಂಗೆರಿಯ ಪೀಟರ್ ಪೊಂಗ್ರಾಟ್ಸ್ ಅವರ ತಂಡ 2005ರಲ್ಲಿ ತೋರಿಸಿತು. ಬೆಳೆದ ತೋಳ ಬೊಗಳುವುದು ಅಪರೂಪ. ನಾಯಿ ಮಾತ್ರ ಎಲ್ಲದಕ್ಕೂ ಬೊಗಳುತ್ತದೆ.

ನಾವು ಎಡವುವುದು ಸದ್ದಿಲ್ಲದ ಮಾತಿನಲ್ಲಿ. ನಾಯಿ ಬಾಲ ಡೊಂಕು ಎಂಬ ಗಾದೆ ಎಲ್ಲರಿಗೂ ಗೊತ್ತು. ಅದು ಹೇಳುವುದನ್ನು ಕೇಳುವವರು ಕಡಿಮೆ. ಬಾಲ ಅಲ್ಲಾಡಿಸಿದರೆ ಸಂತೋಷ ಎಂದೇ ನಮ್ಮ ನಂಬಿಕೆ. ಭಾವಗಳ ಅಭಿವ್ಯಕ್ತಿಯ ಕುರಿತು 1872ರಲ್ಲಿ ಪುಸ್ತಕ ಬರೆದ ಚಾರ್ಲ್ಸ್ ಡಾರ್ವಿನ್, ಸಿಟ್ಟಿನ ನಾಯಿ ಮೈ ಸೆಟೆದು, ಬಾಲ ನೆಟ್ಟಗೆ ನಿಲ್ಲಿಸಿ, ಕತ್ತಿನ ಕೂದಲು ನಿಮಿರಿಸುವುದನ್ನೂ ಅದೇ ನಾಯಿ ಒಡೆಯನನ್ನು ಕಂಡೊಡನೆ ಮೈಯನ್ನು ತಗ್ಗಿಸಿ ಬಳುಕಿಸುವುದನ್ನೂ ಪಕ್ಕಪಕ್ಕದಲ್ಲಿಟ್ಟು ವಿವರಿಸಿದ್ದ. ಇಡೀ ಮೈಯನ್ನು ನೋಡದೆ ಬಾಲವನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ. ಸೆಟೆದ ಮೈಯೊಡನೆ ಎತ್ತಿದ ಬಾಲ ಬಿರುಸಾಗಿ ಅಲುಗುತ್ತಿದ್ದರೆ ಅದು ಸ್ವಾಗತವಲ್ಲ. ಇಟಲಿಯ ಸಂಶೋಧಕರು 2007ರಲ್ಲಿ 30 ನಾಯಿಗಳನ್ನು ಪರೀಕ್ಷಿಸಿ ಇನ್ನೊಂದು ಸೂಕ್ಷ್ಮ ಕಂಡರು. ಸಾಕಿದವರನ್ನು ಕಂಡಾಗ ಬಾಲ ನಾಯಿಯ ಬಲಗಡೆಗೆ ಹೆಚ್ಚು ವಾಲುತ್ತಿತ್ತು. ಎದುರಿಗೆ ದರ್ಪದ ಅಪರಿಚಿತ ನಾಯಿ ಬಂದರೆ ಎಡಕ್ಕೆ.

ನಿದ್ದೆಯ ಹೊತ್ತಲ್ಲದಾಗ ಪದೇ ಪದೇ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಇದ್ದಕ್ಕಿದ್ದಂತೆ ಅಲುಗದೆ ನಿಂತುಬಿಡುವುದು: ಇವೆಲ್ಲ ‘ನನಗೆ ಇರುಸುಮುರುಸಾಗುತ್ತಿದೆ, ಸ್ವಲ್ಪ ದೂರ ಸರಿಯಿರಿ’ ಎಂದು ನಾಯಿ ಹೇಳುವ ಬಗೆ. ಗುರುಗುಟ್ಟುವುದು ಇದಾದ ಮೇಲಿನ ಮೆಟ್ಟಿಲು. ಗುರುಗುಟ್ಟಿದ್ದಕ್ಕೆ ಹೊಡೆದು ಬಾಯಿ ಮುಚ್ಚಿಸಿದರೆ, ನಾಯಿ ಮುಂದೆ ಆ ಮೆಟ್ಟಿಲನ್ನೇ ಬಿಟ್ಟು ನೇರ ಕಚ್ಚಲು ಕಲಿಯುತ್ತದೆ. ‘ಏನೂ ಸೂಚನೆ ಕೊಡದೆ ಕಚ್ಚಿಬಿಟ್ಟಿತು’ ಎಂದು ಆಮೇಲೆ ದೂರುತ್ತೇವೆ.

ಮಾಡದ ತಪ್ಪಿನ ಮುಖ

ಅತಿ ಹೆಚ್ಚು ಅನ್ಯಾಯ ನಡೆಯುವುದು ಮಾತ್ರ ‘ತಪ್ಪಿತಸ್ಥ ಮುಖ’ದ ವಿಷಯದಲ್ಲಿ. ಸಂಜೆ ಮನೆಗೆ ಬಂದು ನೋಡಿದರೆ ಹೊಸ ಚಪ್ಪಲಿ ಚೂರುಚೂರು. ನಾಯಿ ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಿಸಿ, ಬಾಲ ಕಾಲಸಂದಿಗೆ ಸೇರಿಸಿ ಮೂಲೆಯಲ್ಲಿ ಕೂತಿದೆ. ‘ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು’ ಎಂದು ನಾಲ್ಕು ಬಾರಿಸುತ್ತೇವೆ.

ಅಮೆರಿಕದ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನು 14 ನಾಯಿಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ನಾಯಿಯ ಮುಂದೆ ತಿಂಡಿ ಇಟ್ಟು, ‘ಮುಟ್ಟಬೇಡ’ ಎಂದು ಹೇಳಿ ಒಡೆಯ ಹೊರಗೆ ಹೋಗಬೇಕು. ಅವನು ಒಳಗೆ ಬರುವಾಗ ನಾಯಿ ತಿಂದಿತೋ ಇಲ್ಲವೋ ಎಂದು ಸಂಶೋಧಕಿ ಹೇಳುತ್ತಿದ್ದರು, ಆದರೆ ಕೆಲವೊಮ್ಮೆ ಬೇಕೆಂದೇ ಸುಳ್ಳು ಹೇಳುತ್ತಿದ್ದರು. ಹೀಗಾಗಿ ತಿನ್ನದ ನಾಯಿಯೂ ಬೈಸಿಕೊಂಡಿತು, ತಿಂದ ನಾಯಿಯೂ ಮುದ್ದಿಸಿಕೊಂಡಿತು. ಆ ‘ತಪ್ಪಿತಸ್ಥ ಮುಖ’ ಕಾಣಿಸಿದ್ದು ಬೈಸಿಕೊಂಡಾಗ. ತಿಂದದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಏನೂ ತಪ್ಪು ಮಾಡದೆ ಬೈಸಿಕೊಂಡ ನಾಯಿಗಳಲ್ಲೇ ಆ ಮುಖ ಹೆಚ್ಚು ಎದ್ದು ಕಂಡಿತು.

ನಾವು ಪಶ್ಚಾತ್ತಾಪ ಎಂದು ಓದಿದ್ದು ನಮ್ಮ ಸಿಟ್ಟಿಗೆ ನಾಯಿ ಕೊಟ್ಟ ಉತ್ತರ. ಬಾಗಿಲು ತೆಗೆದಾಗಿನ ನಮ್ಮ ಹುಬ್ಬು, ಹೆಜ್ಜೆ, ಉಸಿರು ಅದಕ್ಕೆ ಸಾಕು. ‘ಜಗಳ ಬೇಡ’ ಎಂದು ಅದು ಮೈಯೆಲ್ಲ ಕುಗ್ಗಿಸಿ ಹೇಳುತ್ತಿರುತ್ತದೆ. ಮಧ್ಯಾಹ್ನ ಕಚ್ಚಿದ ಚಪ್ಪಲಿಗೆ ಸಂಜೆ ಬಿದ್ದ ಪೆಟ್ಟು ಯಾಕೆಂದು ಅದಕ್ಕೆ ತಿಳಿಯುವುದಿಲ್ಲ. ಒಡೆಯ ಮನೆಗೆ ಬಂದರೆ ಹೊಡೆತ ಎಂಬುದಷ್ಟೇ ಅದು ಕಲಿಯುವ ಪಾಠ. ಮರುದಿನ ಬಾಗಿಲ ಸದ್ದಿಗೇ ಮೂಲೆ ಸೇರುತ್ತದೆ. ಅದನ್ನು ಕಂಡು ‘ಇವತ್ತೇನು ಮಾಡಿದೆಯೋ’ ಎಂದು ಮತ್ತೆ ಬಾರಿಸುವವರಿದ್ದಾರೆ.

ಮಕ್ಕಳ ಮಟ್ಟಿಗಂತೂ ಈ ಅಜ್ಞಾನ ಅಪಾಯಕ್ಕೇ ಒಯ್ಯುತ್ತದೆ. ಹಲ್ಲು ಕಿರಿದು ಗುರುಗುಟ್ಟುವ ನಾಯಿಯ ಮುಖವನ್ನು ಪುಟ್ಟ ಮಕ್ಕಳು ‘ನಗುತ್ತಿದೆ’ ಎಂದು ತಿಳಿಯುವುದುಂಟು ಎಂಬುದನ್ನು ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಕರ್ಸ್ಟಿನ್ ಮೈಂಟ್ಸ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಮನುಷ್ಯರಲ್ಲಿ ಹಲ್ಲು ಕಂಡರೆ ನಗು ತಾನೆ? ಮಗು ನಾಯಿಯ ಕೊರಳು ತಬ್ಬಿಕೊಂಡಾಗ ದೊಡ್ಡವರು ಫೋಟೋ ತೆಗೆಯುತ್ತಾರೆ. ಆ ಫೋಟೋದಲ್ಲೇ ನಾಯಿ ಮುಖ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತಿರುತ್ತದೆ. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ಶೇ 99ರಷ್ಟು ನಾಯಿಗಳಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗದಿಂದ ಬದುಕುಳಿಯುವುದು ತೀರಾ ಅಪರೂಪ. ಉಣ್ಣುವ, ಮಲಗಿದ, ಮರಿ ಹಾಕಿದ ನಾಯಿಯ ಬಳಿ ಹೋಗಬಾರದು, ಬೆನ್ನು ಹಾಕಿ ಓಡಬಾರದು, ದಿಟ್ಟಿಸಿ ನೋಡಬಾರದು ಎಂಬುದನ್ನು ಮಕ್ಕಳಿಗೆ ಅಕ್ಷರದ ಜತೆಗೇ ಕಲಿಸಬೇಕು. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ಮೆತ್ತಬಾರದು.

ಎರಡು ಕಡೆಯ ನೋಟ

ಜಪಾನಿನ ಅಜಾಬು ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪ್ರಕಟಿಸಿದ ಸಂಗತಿಯೊಂದಿದೆ. ನಾಯಿ ಮತ್ತು ಅದರ ಒಡೆಯರು ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡುತ್ತಾ ಕಳೆದರೆ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಚೋದಕ ಏರುತ್ತದೆ. ತಾಯಿ ಮಗುವಿನ ನಡುವಿನ ಬಾಂಧವ್ಯದಲ್ಲಿ ಪಾಲುಳ್ಳ ಚೋದಕವೇ ಅದು. ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ನಾಯಿಯ ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಪುಟ್ಟ ಸ್ನಾಯುವೊಂದು ತೋಳದಲ್ಲಿ ಅಷ್ಟಾಗಿ ಬೆಳೆದಿಲ್ಲ ಎಂದು 2019ರಲ್ಲಿ ಕಾಮಿನ್ಸ್ಕಿ ಮತ್ತು ಸಂಗಡಿಗರು ವರದಿ ಮಾಡಿದರು. ನಾವು ಕರಗಿಹೋಗುವ ಆ ‘ಪಾಪದ ಕಣ್ಣು’ ಮೂಡುವುದು ಆ ಸ್ನಾಯುವಿನಿಂದ.

ನಮ್ಮ ಜತೆ ಬಾಳಲು ನಾಯಿ ತನ್ನ ಮುಖವನ್ನೂ ಮಿದುಳನ್ನೂ ಬದಲಿಸಿಕೊಂಡಿದೆ ಎಂದಾಯಿತು. ಅದಕ್ಕೆ ಸಾವಿರಾರು ವರ್ಷ ಹಿಡಿಯಿತು. ಅದರ ಆಕಳಿಕೆಯನ್ನೂ ಓರೆನೋಟವನ್ನೂ ಓದಲು ನಮಗೆ ಅಷ್ಟು ಕಾಲ ಬೇಕಿಲ್ಲ. ಕೈಯೆತ್ತುವ ಮೊದಲು ಒಂದು ನಿಮಿಷ ನೋಡಿದರೆ ಸಾಕು.

ಊರಿನ ಬದಲು ನಾಯಿಯನ್ನು ಕೇಳಿ ಪಡೆದ ಮಣಲೆರನಿಗೆ ಈ ಯಾವ ಪ್ರಯೋಗವೂ ಗೊತ್ತಿರಲಿಲ್ಲ. ಕಾಳಿಯನ್ನು ಹಂದಿಯ ಮೇಲೆ ಬಿಟ್ಟವನೂ ಅವನೇ, ಅದು ಸತ್ತಾಗ ಕಲ್ಲು ನಿಲ್ಲಿಸಿದವನೂ ಅವನೇ. ಕಾಳಿಗೆ ಅವನ ಸನ್ನೆ ಅರ್ಥವಾಗಿತ್ತು. ಕಾಳಿ ಏನು ಹೇಳಿತ್ತೋ ಕಲ್ಲಿನಲ್ಲಿ ಬರೆದಿಲ್ಲ.